ಪಿಕಪ್ ಟ್ರಕ್‌ನ ಬೆಡ್ ಟೆಂಟ್: ಬೇಟೆಗೆ, ಕಾಡಿನ ಬಿಡಾರಕ್ಕೆ ಯಾವುದು ಸರಿ? – ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಎಲ್ಕ್ (ದೊಡ್ಡ ಗಾತ್ರದ ಜಿಂಕೆ ಜಾತಿ) ಮತ್ತು ಜಿಂಕೆ ಬೇಟೆಯ ಋತು ಹತ್ತಿರವಾದಂತೆ ಒಂದೇ ಬಗೆಯ ಪ್ರಶ್ನೆಗಳು ಸುತ್ತಿ ಸುತ್ತಿ ಬರುತ್ತವೆ. ಪಿಕಪ್ ಇದೆ, ಅದರ ಹಿಂಬದಿಯ ಬೆಡ್, ಅಂದರೆ ಸಾಮಾನು ಹೇರುವ ತೆರೆದ ಜಾಗ, ಖಾಲಿ ಇದೆ, ಅದರ ಮೇಲೆಯೇ ಟೆಂಟ್ ಹಾಕಿಕೊಂಡರೆ ನೆಲದ ಕೆಸರಿನ ಕಾಟ ಇರುವುದಿಲ್ಲವಲ್ಲ ಎಂಬ ಯೋಚನೆ ಸಹಜವೇ. ಹಣ ಕೊಡುವ ಮೊದಲು ಇಷ್ಟನ್ನು ಓದಿಕೊಳ್ಳಿ.

ಟ್ರಕ್ ಬೆಡ್ ಟೆಂಟ್ ನನಗೆ ನಿಜಕ್ಕೂ ಬೇಕೇ?

ಯಾವ ಕಂಪನಿ, ಯಾವ ಬಟ್ಟೆ ಎಂದು ಕೇಳುವ ಮೊದಲು ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಿ: ಬೆಳಗಿನ ಜಾವ ನಾಲ್ಕು ಗಂಟೆಗೆ ನಿಮ್ಮ ಟ್ರಕ್ ಜಾಗ ಬಿಟ್ಟು ಹೊರಡಬೇಕೇ, ಬೇಡವೇ?

ಬೆಡ್ ಟೆಂಟ್ ಟ್ರಕ್ಕಿಗೆ ಪಟ್ಟಿಗಳಿಂದ ಬಿಗಿದಿರುತ್ತದೆ. ಟ್ರಕ್ ಚಲಿಸಬೇಕಾದರೆ ಟೆಂಟ್ ಬಿಚ್ಚಲೇಬೇಕು. ಹಿಮ ಕಟ್ಟಿದ ಬಟ್ಟೆಯನ್ನು ಕತ್ತಲಲ್ಲಿ, ಸೆಟೆದ ಬೆರಳುಗಳಿಂದ ಬಿಚ್ಚಿ ಮಡಚುವ ಕೆಲಸ ಮೊದಲ ದಿನ ಸಾಹಸವೆನಿಸುತ್ತದೆ, ಮೂರನೆಯ ದಿನ ಶಿಕ್ಷೆಯಾಗುತ್ತದೆ. ಬಿಡಾರದಿಂದ ಕಾಲ್ನಡಿಗೆಯಲ್ಲೇ ಬೇಟೆಗೆ ಹೋಗುವವರಿಗೆ, ಕಾಲುದಾರಿ ಶುರುವಾಗುವ ಜಾಗದಲ್ಲೇ ಟ್ರಕ್ ನಿಲ್ಲಿಸಿ ಮೂರ್ನಾಲ್ಕು ದಿನ ಅಲುಗಾಡಿಸದವರಿಗೆ, ಅಥವಾ ಗುಂಪಿನಲ್ಲಿ ಇನ್ನೊಂದು ವಾಹನ ಇರುವವರಿಗೆ ಇದು ಒಳ್ಳೆಯ ವ್ಯವಸ್ಥೆ. ದಿನಕ್ಕೊಂದು ಕಣಿವೆ ಹುಡುಕಿಕೊಂಡು ಅಲೆಯುವ ಬೇಟೆಗಾರ ನೀವಾದರೆ ಈ ಪುಟದ ಕೊನೆಯತ್ತ ಇರುವ ಪರ್ಯಾಯಗಳ ಪ್ರಶ್ನೆಗೆ ನೇರವಾಗಿ ಹೋಗಿ. ಉಳಿದ ಗುಣದೋಷಗಳೆಲ್ಲ ಇದರ ಮುಂದೆ ಸಣ್ಣವು.

ಅಳತೆ ಹೇಗೆ ತೆಗೆಯುವುದು?

ಟ್ರಕ್‌ನ ಮಾದರಿಯ ಹೆಸರನ್ನು ನೆಚ್ಚಿಕೊಳ್ಳಬೇಡಿ. ಒಂದೇ ಫೋರ್ಡ್ ಎಫ್-150 ಐದೂವರೆ, ಆರೂವರೆ ಮತ್ತು ಎಂಟು ಅಡಿಯ ಮೂರು ಬೆಡ್‌ಗಳಲ್ಲಿ ಬರುತ್ತದೆ. ಟೊಯೋಟಾ ಟಕೋಮಾದಂಥ ಮಧ್ಯಮ ಗಾತ್ರದವುಗಳಲ್ಲಿ ಸಾಮಾನ್ಯವಾಗಿ ಐದು ಅಥವಾ ಆರು ಅಡಿ. ಹಾಗಾಗಿ ಅಳತೆ ಪಟ್ಟಿ ಹಿಡಿದು ಹೊರಗೆ ಹೋಗಿ. ಟೈಲ್‌ಗೇಟ್ (ಬೆಡ್‌ನ ಹಿಂತುದಿಯಲ್ಲಿ ಕೆಳಕ್ಕೆ ಇಳಿಸುವ ಬಾಗಿಲು) ಮುಚ್ಚಿ, ಕ್ಯಾಬಿನ್ ಕಡೆಯ ಗೋಡೆಯ ಒಳಮೈಯಿಂದ ಟೈಲ್‌ಗೇಟ್‌ನ ಒಳಮೈವರೆಗೆ ಅಳೆಯಿರಿ. ಟೆಂಟ್ ತಯಾರಕರು ಕೇಳುವುದು ಈ ಅಳತೆಯನ್ನೇ.

ಮೂರ್ನಾಲ್ಕು ಅಂಗುಲ ಹೆಚ್ಚುಕಡಿಮೆಯಾದರೆ ಏನಾಗುತ್ತದೆ ಎಂದು ಕೇಳುವವರಿದ್ದಾರೆ. ಟೆಂಟ್ ಚಿಕ್ಕದಾದರೆ ಹೊಲಿಗೆಗಳು ಜಗ್ಗಿ ಅಲ್ಲಿಂದಲೇ ನೀರು ಇಳಿಯುತ್ತದೆ. ದೊಡ್ಡದಾದರೆ ಬಟ್ಟೆ ಜೋಲುಬಿದ್ದು ಗಾಳಿಗೆ ರಾತ್ರಿಯಿಡೀ ಪಟಪಟ ಹೊಡೆದುಕೊಳ್ಳುತ್ತದೆ, ನೀವು ಎಚ್ಚರವಾಗಿರುತ್ತೀರಿ. 'ಎಲ್ಲ ಟ್ರಕ್ಕಿಗೂ ಹೊಂದುತ್ತದೆ' ಎಂದು ಬರೆದಿರುವ ಟೆಂಟ್ ನನ್ನ ಲೆಕ್ಕದಲ್ಲಿ ಯಾವ ಟ್ರಕ್ಕಿಗೂ ಸರಿಯಾಗಿ ಹೊಂದದ ಟೆಂಟ್.

ಅಗಲವನ್ನು ಅಳೆಯುವಾಗ ಚಕ್ರದ ಮೇಲಿನ ಉಬ್ಬುಗಳ ನಡುವಿನ ಜಾಗವನ್ನು ನೋಡಿ. ಪೂರ್ಣ ಗಾತ್ರದ ಪಿಕಪ್‌ಗಳಲ್ಲಿ ಅಲ್ಲಿ ನಾಲ್ಕು ಅಡಿ ಅಗಲದ ಪ್ಲೈವುಡ್ ಹಲಗೆ ಚಪ್ಪಟೆಯಾಗಿ ಕೂರುತ್ತದೆ. ಹೆಚ್ಚಿನ ಮಧ್ಯಮ ಗಾತ್ರದವುಗಳಲ್ಲಿ ಕೂರುವುದಿಲ್ಲ. ಇಬ್ಬರು ದೊಡ್ಡವರು ಚಳಿಗಾಲದ ಸ್ಲೀಪಿಂಗ್ ಬ್ಯಾಗಿನಲ್ಲಿ ಮಲಗುವುದಕ್ಕೆ ಪೂರ್ಣ ಗಾತ್ರದ್ದೇ ಇಕ್ಕಟ್ಟು. ಮಧ್ಯಮ ಗಾತ್ರದ ಟ್ರಕ್ ಒಬ್ಬರಿಗೆ ಮತ್ತು ಅವರ ಸಾಮಾನಿಗೆ ಎಂದುಕೊಳ್ಳಿ.

ನಾನು ಆರು ಅಡಿ ಎತ್ತರ. ಐದೂವರೆ ಅಡಿ ಬೆಡ್‌ನಲ್ಲಿ ಮಲಗಲು ಸಾಧ್ಯವೇ?

ಟೈಲ್‌ಗೇಟ್ ಇಳಿಸಿಕೊಂಡು ಹಾಕುವ ಟೆಂಟ್ ಆದರೆ ಸಾಧ್ಯ. ಇಳಿಸಿದ ಟೈಲ್‌ಗೇಟ್ ಎರಡು ಅಡಿಯ ಆಸುಪಾಸು ಉದ್ದ ಸೇರಿಸುತ್ತದೆ. ಹೆಚ್ಚಿನ ಬೆಡ್ ಟೆಂಟ್‌ಗಳು ಹೀಗೆಯೇ ಹೊಲಿದವು. ಆದರೆ ಟೈಲ್‌ಗೇಟ್ ಮತ್ತು ಬೆಡ್ ಸೇರುವಲ್ಲಿ ಒಂದು ಸಂದು ಉಳಿಯುತ್ತದೆ. ಅದರ ಮೂಲಕ ತಣ್ಣನೆಯ ಗಾಳಿ, ದೂಳು, ಇರುವೆ ಎಲ್ಲವೂ ಒಳಬರುತ್ತವೆ. ಉದ್ದನೆಯ ಫೋಮ್ ತುಂಡನ್ನು ಅಲ್ಲಿ ಒತ್ತಿ ತುಂಬಿ, ಮೇಲೆ ರಬ್ಬರ್ ಮ್ಯಾಟ್ ಹಾಸಿದರೆ ತೊಂದರೆ ನೀಗುತ್ತದೆ. ಕಾಲು ಟೈಲ್‌ಗೇಟ್ ಕಡೆ, ತಲೆ ಕ್ಯಾಬಿನ್ ಕಡೆ ಇರಲಿ.

ತಳ ಇರುವ ಟೆಂಟ್ ಒಳ್ಳೆಯದೇ, ತಳ ಇಲ್ಲದ್ದೇ?

ಎರಡಕ್ಕೂ ನ್ಯಾಯವಿದೆ. ನೇಪಿಯರ್ ಕಂಪನಿಯ ಟೆಂಟ್‌ಗಳಲ್ಲಿ ತಳ ಹೊಲಿದುಕೊಂಡೇ ಬರುತ್ತದೆ. ಬೆಡ್‌ನ ಕೊಳೆ, ಹಳೆಯ ಎಣ್ಣೆಕಲೆ ಯಾವುದೂ ಹಾಸಿಗೆಗೆ ತಾಗುವುದಿಲ್ಲ. ಸೊಳ್ಳೆಯ ಕಾಟವೂ ಕಡಿಮೆ. ಆದರೆ ಟೆಂಟ್ ಹಾಕುವ ಮೊದಲು ಬೆಡ್‌ನಲ್ಲಿರುವ ಸಾಮಾನನ್ನೆಲ್ಲ ಕೆಳಗಿಳಿಸಬೇಕು. ಮಳೆ ಸುರಿಯುತ್ತಿರುವಾಗ ಕೂಲರ್, ಚೀಲ, ಸೌದೆ ಎಲ್ಲವನ್ನೂ ನೆಲದ ಮೇಲೆ ಸಾಲಾಗಿ ಇಟ್ಟು ಟೆಂಟ್ ಹಾಕುವುದು ಹೇಗಿರುತ್ತದೆ ಎಂದು ಊಹಿಸಿಕೊಳ್ಳಿ.

ರೈಟ್‌ಲೈನ್ ಗೇರ್‌ನವರದು ತಳವಿಲ್ಲದ ವಿನ್ಯಾಸ. ಸಾಮಾನು ಇದ್ದಲ್ಲೇ ಇರಲಿ, ಮೇಲಿಂದ ಟೆಂಟ್ ಎಳೆದರೆ ಆಯಿತು. ಬೇಟೆಗೆ ಹೋಗುವವರಿಗೆ ನಾನು ಹೇಳುವುದು ಇದನ್ನೇ, ಏಕೆಂದರೆ ಅವರ ಬೆಡ್ ಎಂದೂ ಖಾಲಿ ಇರುವುದಿಲ್ಲ. ಕುಟುಂಬದ ಜೊತೆ ಬೇಸಿಗೆಯಲ್ಲಿ ಕ್ಯಾಂಪಿಂಗ್ ಹೋಗುವವರಿಗೆ ತಳವಿರುವುದೇ ನೆಮ್ಮದಿ.

ಪಾಲಿಯೆಸ್ಟರ್ ಕೊಳ್ಳಲೇ, ಕ್ಯಾನ್ವಾಸ್ ಕೊಳ್ಳಲೇ?

ಪಾಲಿಯೆಸ್ಟರ್ ಹಗುರ, ಬೇಗ ಒಣಗುತ್ತದೆ, ಬೆಲೆಯೂ ಕೈಗೆಟಕುತ್ತದೆ. ವರ್ಷಕ್ಕೆ ಎರಡು ಮೂರು ಸಲ, ಹಿಮ ಬೀಳುವ ಮೊದಲೇ ಹೋಗಿ ಬರುವವರಿಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ಕೊಳ್ಳುವಾಗ ಬಟ್ಟೆಯ ಜಲನಿರೋಧಕತೆಯ ಅಂಕಿ ನೋಡಿ, 1500 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಬಿಟ್ಟುಬಿಡಿ. ಹೊಲಿಗೆಗಳ ಮೇಲೆ ಟೇಪ್ ಅಂಟಿಸಿದೆಯೇ ಎಂಬುದು ಆ ಅಂಕಿಗಿಂತ ಮುಖ್ಯ, ಏಕೆಂದರೆ ನೀರು ಒಳಬರುವುದು ಬಟ್ಟೆಯಿಂದಲ್ಲ, ಸೂಜಿ ತೂರಿದ ರಂಧ್ರಗಳಿಂದ.

ಹತ್ತಿಯ ಕ್ಯಾನ್ವಾಸ್ ಬೇರೆಯದೇ ಲೋಕ. ಕೊಡಿಯಾಕ್ ಕ್ಯಾನ್ವಾಸ್‌ನಂಥ ತಯಾರಕರು ದಪ್ಪ ಕ್ಯಾನ್ವಾಸನ್ನು ಉಕ್ಕಿನ ಕೊಳವೆಗಳ ಚೌಕಟ್ಟಿನ ಮೇಲೆ ಬಿಗಿಯುತ್ತಾರೆ. ಉಸಿರಿನ ತೇವ ಬಟ್ಟೆಯ ಮೂಲಕ ಸ್ವಲ್ಪವಾದರೂ ಹೊರಹೋಗುತ್ತದೆ, ಗಾಳಿಗೆ ಸದ್ದು ಮಾಡುವುದಿಲ್ಲ, ಬಿಸಿಲಿಗೆ ಬೇಗ ಹಾಳಾಗುವುದಿಲ್ಲ. ತೂಕ ಮಾತ್ರ 40 ಪೌಂಡ್ ದಾಟುತ್ತದೆ. ಹೆಗಲ ಮೇಲೆ ಹೊರಬೇಕಿಲ್ಲವಾದ್ದರಿಂದ ಅದು ದೊಡ್ಡ ದೋಷವಲ್ಲ, ಟ್ರಕ್ಕೇ ಹೊರುತ್ತದೆ. ಬೆಲೆ ಪಾಲಿಯೆಸ್ಟರಿನ ಎರಡು ಮೂರು ಪಟ್ಟು. ಅಕ್ಟೋಬರ್, ನವೆಂಬರಿನಲ್ಲಿ ರಾಕಿ ಪರ್ವತಗಳಿಗೆ ಹೋಗುವವರು ಹಣವಿದ್ದರೆ ಕ್ಯಾನ್ವಾಸನ್ನೇ ಕೊಳ್ಳಲಿ.

ಹೊಸ ಕ್ಯಾನ್ವಾಸನ್ನು ಮೊದಲ ಪ್ರವಾಸಕ್ಕೆ ಮುಂಚೆ ಮನೆಯ ಅಂಗಳದಲ್ಲೇ ಕಟ್ಟಿ, ಪೈಪಿನಿಂದ ನೀರು ಹೊಡೆದು, ಪೂರ್ತಿ ಒಣಗಲು ಬಿಡಿ. ಹತ್ತಿಯ ದಾರ ನೆನೆದು ಉಬ್ಬಿ ಹೊಲಿಗೆಯ ತೂತುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ.

ಗಾಳಿ, ಹಿಮಕ್ಕೆ ತಡೆಯುತ್ತದೆಯೇ?

ಟೆಂಟ್ ನೆಲದಿಂದ ಮೂರು ಅಡಿ ಮೇಲಿದೆ ಎಂಬುದನ್ನು ಮರೆಯಬೇಡಿ. ನೆಲದ ಟೆಂಟಿಗೆ ಪೊದೆ, ಬಂಡೆಗಳ ಆಸರೆ ಸಿಗುತ್ತದೆ. ಟ್ರಕ್ಕಿನ ಮೇಲಿನದಕ್ಕೆ ಸಿಗುವುದು ಕ್ಯಾಬಿನ್ ಒಂದೇ. ಆದ್ದರಿಂದ ಗಾಳಿ ಬೀಸುವ ದಿಕ್ಕಿಗೆ ಬಾನೆಟ್ ಮಾಡಿ ನಿಲ್ಲಿಸಿ, ಅರ್ಧ ಕಷ್ಟ ಅಲ್ಲೇ ಕಳೆಯುತ್ತದೆ.

ಅಗ್ಗದ ಟೆಂಟ್‌ಗಳಲ್ಲಿ ಫೈಬರ್‌ಗ್ಲಾಸ್ ಕಡ್ಡಿಗಳಿರುತ್ತವೆ. ತೀವ್ರ ಚಳಿಯಲ್ಲಿ, ಹಿಮದ ಭಾರಕ್ಕೆ ಅವು ಸೀಳಿಬಿಡುತ್ತವೆ. ಅಲ್ಯೂಮಿನಿಯಂ ಬಾಗುತ್ತದೆ, ಆದರೆ ಮತ್ತೆ ನೇರ ಮಾಡಿಕೊಂಡು ರಾತ್ರಿ ಕಳೆಯಬಹುದು. 'ಮೂರು ಋತುಗಳ ಟೆಂಟ್' ಎಂದು ಬರೆದಿದ್ದರೆ ನಾಲ್ಕನೆಯ ಋತುವಿಗೆ ಅದು ಬೇಡ ಎಂದೇ ಅರ್ಥ. ಹಿಮ ಬೀಳುತ್ತಿದ್ದರೆ ರಾತ್ರಿ ಎದ್ದು ಒಳಗಿನಿಂದ ಛಾವಣಿಯನ್ನು ತಟ್ಟಿ ಉದುರಿಸುತ್ತಿರಬೇಕು.

ನೆಲದ ಟೆಂಟಿಗಿಂತ ಬೆಚ್ಚಗಿರುತ್ತದೆಯೇ?

ಇಲ್ಲ. ಬಹಳ ಮಂದಿ ತಪ್ಪು ತಿಳಿಯುವುದು ಇಲ್ಲಿಯೇ. ಬೆಡ್‌ನ ತಗಡಿನ ಕೆಳಗೆ ಗಾಳಿ ಹರಿಯುತ್ತಿರುತ್ತದೆ, ಲೋಹ ಮೈಯ ಶಾಖವನ್ನು ಹೀರಿ ಹೊರಗೆ ಚೆಲ್ಲುತ್ತದೆ. ಗಾಳಿ ತುಂಬುವ ಸಾಧಾರಣ ಹಾಸಿಗೆಯೂ ಇದಕ್ಕೆ ಉತ್ತರವಲ್ಲ. ಅದರೊಳಗಿನ ಗಾಳಿ ಸುಳಿದಾಡಿ ಶಾಖವನ್ನು ಕೆಳಗೆ ಸಾಗಿಸುತ್ತದೆ. ಚಕ್ರದ ಉಬ್ಬುಗಳಿಗೆ ಹೊಂದುವಂತೆ ಕತ್ತರಿಸಿದ ಟ್ರಕ್ ಹಾಸಿಗೆಗಳು ಮೆತ್ತಗಿರುತ್ತವೆ ನಿಜ, ಜುಲೈ ತಿಂಗಳಿಗೆ ಚೆನ್ನ.

ಹಾಸಿನ ಮೇಲೆ ಆರ್-ವ್ಯಾಲ್ಯೂ ಎಂಬ ಅಂಕಿ ಇರುತ್ತದೆ. ಅಂಕಿ ಹೆಚ್ಚಿದಷ್ಟೂ ನೆಲದ ಚಳಿಗೆ ತಡೆ ಹೆಚ್ಚು. ನೀರು ಹೆಪ್ಪುಗಟ್ಟುವ ರಾತ್ರಿಗಳಿಗೆ 5ರ ಮೇಲಿರಲಿ. ಎರಡು ಹಾಸುಗಳನ್ನು ಒಂದರ ಮೇಲೊಂದು ಹಾಕಿದರೆ ಅಂಕಿಗಳು ಕೂಡುತ್ತವೆ, ಆದ್ದರಿಂದ ಕೆಳಗೆ ಅಗ್ಗದ ಗಟ್ಟಿ ಫೋಮ್, ಮೇಲೆ ಒಳ್ಳೆಯ ಹಾಸು ಎಂಬ ಉಪಾಯ ನಡೆಯುತ್ತದೆ. ಅದಕ್ಕೂ ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಇದ್ದರೆ ಹಾಸು ರಾತ್ರಿ ಜಾರುವುದೂ ಇಲ್ಲ. ಟೆಂಟಿಗೆ ಹಾಕುವ ಹಣದಲ್ಲಿ ಸ್ವಲ್ಪ ಉಳಿಸಿ ಒಳ್ಳೆಯ ಹಾಸು ಕೊಳ್ಳಲು ಬಳಸಿ ಎಂದು ಯಾರು ಕೇಳಿದರೂ ಹೇಳುತ್ತೇನೆ.

ಮಳೆ ಇಲ್ಲದಿದ್ದರೂ ಬೆಳಗ್ಗೆ ಒಳಗೆಲ್ಲ ಒದ್ದೆ. ಟೆಂಟ್ ಸೋರುತ್ತಿದೆಯೇ?

ಸೋರುತ್ತಿಲ್ಲ, ಅದು ನಿಮ್ಮದೇ ಉಸಿರು. ತಣ್ಣನೆಯ ಬಟ್ಟೆಗೆ ತಾಗಿ ಹನಿಯಾಗಿದೆ. ಚಳಿಯೆಂದು ಎಲ್ಲ ಕಿಟಕಿ ಮುಚ್ಚಿದಷ್ಟೂ ಹೆಚ್ಚುತ್ತದೆ. ಛಾವಣಿಯ ಗಾಳಿಕಿಂಡಿ ಮತ್ತು ಎದುರು ಬದಿಯ ಕೆಳಗಿನ ಒಂದು ಕಿಟಕಿ, ಇವೆರಡನ್ನು ನಾಲ್ಕು ಬೆರಳಿನಷ್ಟಾದರೂ ತೆರೆದಿಡಿ. ಒದ್ದೆ ಬೂಟು, ಬೆವರಿದ ಅಂಗಿಯನ್ನು ಕ್ಯಾಬಿನ್ನಿನಲ್ಲಿಡಿ. ಕೊಳ್ಳುವಾಗಲೇ ಮಳೆಹೊದಿಕೆ ಪ್ರತ್ಯೇಕವಾಗಿದ್ದು, ಗೋಡೆಯವರೆಗೂ ಇಳಿಯುವಂಥದ್ದನ್ನು ಆರಿಸಿ. ನೆತ್ತಿಯ ಮೇಲೆ ಟೋಪಿಯಂತೆ ಕೂರುವ ತುಂಡು ಹೊದಿಕೆ ಅಡ್ಡಮಳೆಗೆ ನಿಲ್ಲುವುದಿಲ್ಲ.

ಒಳಗೆ ಹೀಟರ್ ಹಚ್ಚಬಹುದೇ? ಎಂಜಿನ್ ಸ್ವಲ್ಪ ಹೊತ್ತು ಚಾಲೂ ಇಟ್ಟರೆ?

ಎಂಜಿನ್ ಚಾಲೂ ಇಡಲೇಬೇಡಿ. ಸೈಲೆನ್ಸರ್‌ನ ಬಾಯಿ ಇರುವುದು ನೀವು ಮಲಗಿದ ಜಾಗದ ಹತ್ತಿರದಲ್ಲೇ, ಹಿಂದಿನ ಚಕ್ರದ ಆಚೆ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ ಶುರುವಾಗುವ ಹೊತ್ತಿಗೆ ನಿದ್ರೆಯಲ್ಲಿರುವವನಿಗೆ ಅದು ತಿಳಿಯುವುದೇ ಇಲ್ಲ.

ಪ್ರೊಪೇನ್ ಹೀಟರ್, ಇದ್ದಿಲಿನ ಒಲೆ, ಅಡುಗೆಯ ಬರ್ನರ್ ಇವೆಲ್ಲಕ್ಕೂ ಇದೇ ಮಾತು. ಬಟ್ಟೆಯ ಗೋಡೆ ಕೈಯಳತೆಯಲ್ಲಿರುವ ಜಾಗದಲ್ಲಿ ಬೆಂಕಿಯ ಭಯ ಬೇರೆ. ಉರಿಯಲು ಬೇಕಾದ ಗಾಳಿಯನ್ನು ಹೊರಗಿನಿಂದ ಎಳೆದು ಹೊಗೆಯನ್ನು ಹೊರಗೇ ಬಿಡುವ ಡೀಸೆಲ್ ಹೀಟರನ್ನು ನೆಲದ ಮೇಲಿಟ್ಟು, ಬಿಸಿಗಾಳಿಯ ಕೊಳವೆಯನ್ನಷ್ಟೇ ಒಳಗೆ ತರುವವರಿದ್ದಾರೆ. ಅವರೂ ಬ್ಯಾಟರಿಯ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಟ್ಟುಕೊಂಡೇ ಮಲಗಬೇಕು. ಬಿಸಿನೀರು ತುಂಬಿದ ಗಟ್ಟಿ ಮುಚ್ಚಳದ ಬಾಟಲಿಯನ್ನು ಸ್ಲೀಪಿಂಗ್ ಬ್ಯಾಗಿನ ಬುಡಕ್ಕೆ ಇಟ್ಟುಕೊಂಡರೆ ನಿದ್ರೆ ಹತ್ತುವಷ್ಟು ಹೊತ್ತು ಕಾಲು ಬೆಚ್ಚಗಿರುತ್ತದೆ.

ಬೆಡ್ ಮೇಲೆ ಮುಚ್ಚಳವಿದೆ, ಟೂಲ್ ಬಾಕ್ಸ್ ಇದೆ. ಟೆಂಟ್ ಕೂರುತ್ತದೆಯೇ?

ಸುರುಳಿ ಸುತ್ತುವ ಮೆದು ಮುಚ್ಚಳವನ್ನು ಕ್ಯಾಬಿನ್ ಕಡೆಗೆ ಸುತ್ತಿಟ್ಟರೆ ಕೆಲವು ಟೆಂಟ್‌ಗಳು ಕೂರುತ್ತವೆ. ಗಟ್ಟಿ ಮುಚ್ಚಳವನ್ನು ಸಾಮಾನ್ಯವಾಗಿ ಕಳಚಿ ಮನೆಯಲ್ಲೇ ಬಿಡಬೇಕಾಗುತ್ತದೆ. ಅಡ್ಡಲಾಗಿ ಕೂರಿಸಿದ ಟೂಲ್ ಬಾಕ್ಸ್ ಇದ್ದರೆ ಮಲಗುವ ಉದ್ದವೇ ಹೋಗುತ್ತದೆ, ಟೆಂಟ್ ಬಿಗಿಯುವ ಅಂಚೂ ಸಿಗುವುದಿಲ್ಲ. ತಯಾರಕರ ಪಟ್ಟಿಯಲ್ಲಿ ನಿಮ್ಮ ಜೋಡಣೆ ಇದೆಯೇ ಎಂದು ಮೊದಲೇ ನೋಡಿ.

ಕರಡಿಗಳಿರುವ ಕಾಡಿನಲ್ಲಿ ಟ್ರಕ್ ಮೇಲೆ ಮಲಗುವುದು ಸುರಕ್ಷಿತವೇ?

ಮೂರು ಅಡಿ ಎತ್ತರ ಕರಡಿಗೆ ಲೆಕ್ಕವೇ ಅಲ್ಲ. ಬಟ್ಟೆಯ ಗೋಡೆ ಬಟ್ಟೆಯ ಗೋಡೆಯೇ. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಫಿಶಿಂಗ್ ಬ್ರಿಜ್ ತಂಗುದಾಣದಲ್ಲಿ ಗ್ರಿಜ್ಲಿ ಕರಡಿಗಳ ಓಡಾಟದಿಂದಾಗಿ ಗಟ್ಟಿ ಗೋಡೆಯ ವಾಹನಗಳಿಗಷ್ಟೇ ಅವಕಾಶ. ಟ್ರಕ್ ಮೇಲೆ ಹಾಕಿದ ಟೆಂಟೂ ಅಲ್ಲಿ ಟೆಂಟ್ ಎಂದೇ ಗಣನೆಗೆ ಬರುತ್ತದೆ.

ಬೆಡ್ ಟೆಂಟಿನಿಂದ ಸಿಗುವ ನಿಜವಾದ ಅನುಕೂಲವೆಂದರೆ ಪಕ್ಕದಲ್ಲೇ ಬೀಗ ಹಾಕುವ ಕ್ಯಾಬಿನ್ ಇರುವುದು. ಆಹಾರ, ಕಸ, ಹಲ್ಲುಜ್ಜುವ ಪೇಸ್ಟ್, ನಾಯಿಯ ತಿನಿಸು ಎಲ್ಲವೂ ಗಾಜು ಏರಿಸಿದ ಕ್ಯಾಬಿನ್ನಿನೊಳಗೆ ಹೋಗಬೇಕು. ಗ್ರಿಜ್ಲಿಗಳಿರುವ ರಾಷ್ಟ್ರೀಯ ಅರಣ್ಯಗಳಲ್ಲಿ ಆಹಾರ ಹೇಗಿಡಬೇಕೆಂಬುದಕ್ಕೆ ಕಡ್ಡಾಯದ ಆದೇಶಗಳಿವೆ, ಮುರಿದರೆ ದಂಡ. ಕ್ಯಾಬಿನ್ನಿನಲ್ಲಿ ಹಿಡಿಯದಿದ್ದರೆ ಅಂತರ-ಇಲಾಖಾ ಗ್ರಿಜ್ಲಿ ಸಮಿತಿ ಪ್ರಮಾಣೀಕರಿಸಿದ ಡಬ್ಬಿಗಳನ್ನು ಬಳಸಿ. ಕರಡಿಗೆ ಸಿಂಪಡಿಸುವ ಸ್ಪ್ರೇ ಮಾತ್ರ ಟೆಂಟಿನಲ್ಲೇ, ಕತ್ತಲಲ್ಲೂ ಕೈಗೆ ಸಿಗುವ ಒಂದೇ ಜಾಗದಲ್ಲಿ ಇರಲಿ.

ಬೇಟೆ ಸಿಕ್ಕಿತು. ಮಾಂಸವನ್ನು ಎಲ್ಲಿಡುವುದು?

ಅಂಗಡಿಯವರು ಎತ್ತದ ಪ್ರಶ್ನೆ ಇದು. ನೀವು ಮಲಗುವ ಜಾಗವೇ ಮಾಂಸ ಸಾಗಿಸಬೇಕಾದ ಜಾಗ. ಒಂದು ಗಂಡು ಎಲ್ಕ್‌ನ ಮೂಳೆ ಬಿಡಿಸಿದ ಮಾಂಸ 200 ಪೌಂಡಿನ ಆಸುಪಾಸು ಇರುತ್ತದೆ. ಅದನ್ನು ಬೆನ್ನ ಮೇಲೆ ಹೊತ್ತು ಮೂರ್ನಾಲ್ಕು ಸರದಿಯಲ್ಲಿ ಇಳಿಸಿ ತರುವಷ್ಟರಲ್ಲಿ ಕತ್ತಲಾಗಿರುತ್ತದೆ. ಹತ್ತಿ ಚೀಲಗಳ ತಳ ತೇವದಿಂದ ಕಪ್ಪಾಗಿರುತ್ತದೆ, ಕೈಗಳು ಕೊಬ್ಬಿನಿಂದ ಅಂಟುಅಂಟಾಗಿರುತ್ತವೆ, ಟೆಂಟಿನ ಜಿಪ್ ಎಳೆದರೆ ಅದಕ್ಕೂ ವಾಸನೆ ಹತ್ತುತ್ತದೆ. ಆ ಹೊತ್ತಿನಲ್ಲಿ ಟೆಂಟ್ ಬಿಚ್ಚುವ ತ್ರಾಣ ಯಾರಲ್ಲೂ ಇರುವುದಿಲ್ಲ.

ಹಾಗಾಗಿ ಮೊದಲೇ ಯೋಜನೆ ಇರಲಿ. ಮಲಗುವ ಜಾಗದಿಂದ ನೂರು ಗಜವಾದರೂ ದೂರ, ನೆಲದಿಂದ 10 ಅಡಿ ಮೇಲೆ, ಮರದ ಕಾಂಡದಿಂದ 4 ಅಡಿ ಆಚೆ ಮಾಂಸವನ್ನು ತೂಗುಹಾಕಲು ಹಗ್ಗ ಮತ್ತು ರಾಟೆ ಒಯ್ಯಿರಿ. ನೆರಳು, ಗಾಳಿ ಇರುವ ಜಾಗ ಹುಡುಕಿ. ಹಗಲು ಬಿಸಿಯಿದ್ದರೆ ಮಾಂಸ 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿರಬೇಕು, ಅಂದರೆ ಮಂಜುಗಡ್ಡೆ ತುಂಬಿದ ಕೂಲರ್ ಬೇಕು, ಕೂಲರಿಗೆ ಜಾಗ ಬೇಕು. ಬೆಡ್‌ನಲ್ಲಿ ಮಾಂಸ ಸಾಗಿಸಿದ ಮೇಲೆ ತೊಳೆಯದೆ ಅಲ್ಲಿ ಮತ್ತೆ ಮಲಗಬೇಡಿ. ಕಡೆಯ ರಾತ್ರಿಗೆಂದು ಪುಟ್ಟದೊಂದು ನೆಲದ ಟೆಂಟ್ ಅಥವಾ ಟಾರ್ಪಾಲು ಜೊತೆಗಿದ್ದರೆ ಈ ಇಕ್ಕಟ್ಟೇ ಬರುವುದಿಲ್ಲ. ಜಿಂಕೆ, ಎಲ್ಕ್‌ಗಳಲ್ಲಿ ಹರಡುವ ಕ್ಷಯಕಾರಿ ಮಿದುಳು ರೋಗದ ಕಾರಣ ಅನೇಕ ರಾಜ್ಯಗಳು ತಲೆ ಮತ್ತು ಬೆನ್ನುಮೂಳೆಯನ್ನು ಗಡಿ ದಾಟಿಸಲು ಬಿಡುವುದಿಲ್ಲ, ಹೊರಡುವ ಮುನ್ನ ನಿಯಮ ಓದಿಕೊಳ್ಳಿ.

ಬಂದೂಕನ್ನು ಟೆಂಟಿನೊಳಗೆ ಇಟ್ಟುಕೊಳ್ಳಬಹುದೇ?

ಗುಂಡು ತೆಗೆದು ಇಡಿ. ವಾಹನದಲ್ಲಿ ತುಂಬಿದ ಬಂದೂಕಿನ ವಿಚಾರದಲ್ಲಿ ರಾಜ್ಯಕ್ಕೊಂದು ಕಾನೂನು. ಉದಾಹರಣೆಗೆ ಕೊಲರಾಡೋದಲ್ಲಿ ಚೇಂಬರಿನಲ್ಲಿ ಗುಂಡಿರುವ ರೈಫಲ್ ಅಥವಾ ಶಾಟ್‌ಗನ್ ವಾಹನದ ಒಳಗೆ ಇರುವಂತಿಲ್ಲ. ಟೆಂಟ್ ಹಾಕಿದ ಮಾತ್ರಕ್ಕೆ ಬೆಡ್ ವಾಹನವಲ್ಲವೆಂದು ಬೇಟೆಯ ನಿಯಮ ಕಾಯುವ ವಾರ್ಡನ್ ಎದುರು ವಾದಿಸುವ ಪ್ರಸಂಗ ತಂದುಕೊಳ್ಳಬೇಡಿ. ಇನ್ನೊಂದು ಮಾತು: ಕೊರೆಯುವ ಹೊರಗಾಳಿಯಿಂದ ರೈಫಲನ್ನು ಬೆಚ್ಚನೆಯ, ತೇವದ ಟೆಂಟಿಗೆ ತಂದರೆ ಲೋಹದ ಮೇಲೂ ದೂರದರ್ಶಕದ ಗಾಜಿನ ಮೇಲೂ ನೀರು ಕೂರುತ್ತದೆ. ಬೀಗ ಹಾಕಿದ ತಣ್ಣನೆಯ ಕ್ಯಾಬಿನ್ನೇ ಅದಕ್ಕೆ ಸರಿಯಾದ ಜಾಗ.

ಎಲ್ಲಿ ಬೇಕಾದರೂ ನಿಲ್ಲಿಸಿ ಮಲಗಬಹುದೇ?

ಇಲ್ಲ. 1964ರ ವಿಲ್ಡರ್‌ನೆಸ್ ಕಾಯ್ದೆಯಡಿ ಘೋಷಿತವಾದ ಪ್ರದೇಶಗಳೊಳಗೆ ಮೋಟಾರು ವಾಹನಕ್ಕೆ ಪ್ರವೇಶವಿಲ್ಲ, ಟ್ರಕ್ ಟೆಂಟ್ ಏನಿದ್ದರೂ ಅದರ ಗಡಿಯವರೆಗೆ ಮಾತ್ರ. ರಾಷ್ಟ್ರೀಯ ಅರಣ್ಯಗಳಲ್ಲಿ ಯಾವ ರಸ್ತೆಗೆ ವಾಹನ ಹೋಗಬಹುದು ಎಂಬುದನ್ನು ತೋರಿಸುವ ಮೋಟಾರು ವಾಹನ ಬಳಕೆಯ ನಕ್ಷೆ ಉಚಿತವಾಗಿ ಸಿಗುತ್ತದೆ. ಕೆಲವು ಕಡೆ ರಸ್ತೆಯಿಂದ 300 ಅಡಿವರೆಗೆ ಒಳಗೆ ಹೋಗಿ ತಂಗಬಹುದು, ಕೆಲವು ಕಡೆ ಒಂದು ವಾಹನದ ಉದ್ದವಷ್ಟೇ. ಭೂ ನಿರ್ವಹಣಾ ಬ್ಯೂರೋದ ಜಮೀನಿನಲ್ಲಿ ಸಾಮಾನ್ಯ ಮಿತಿ 28 ದಿನಗಳ ಅವಧಿಯಲ್ಲಿ 14 ದಿನ. ನೀರಿನ ತಾಣದಿಂದ 200 ಅಡಿ ದೂರವಿರಿ, ಪ್ರಾಣಿಗಳು ರಾತ್ರಿ ನೀರಿಗೆ ಬರುವುದನ್ನು ತಡೆದರೆ ನಿಮ್ಮ ಬೇಟೆಯೇ ಕೆಡುತ್ತದೆ.

ಒಣಹುಲ್ಲಿನ ಮೇಲೆ ಬಿಸಿ ಟ್ರಕ್ ನಿಲ್ಲಿಸುವುದು ಅಪಾಯ. ಹೊಗೆ ಶುದ್ಧಿ ಮಾಡುವ ಕನ್ವರ್ಟರಿನ ಕಾವಿಗೆ ಹುಲ್ಲು ಹೊತ್ತಿಕೊಂಡು ಕಾಡ್ಗಿಚ್ಚಾಗಿರುವುದುಂಟು. ಬರಿ ಮಣ್ಣು ಅಥವಾ ಜಲ್ಲಿಯ ಜಾಗ ನೋಡಿ.

ಜಾಗ ಸಮತಟ್ಟಾಗಿಲ್ಲದಿದ್ದರೆ?

ಬಾನೆಟ್ ಕಡೆ ಸ್ವಲ್ಪ ಎತ್ತರವಿದ್ದರೆ ಚಿಂತೆಯಿಲ್ಲ, ತಲೆ ಮೇಲಿರುತ್ತದೆ. ಅಡ್ಡ ಇಳಿಜಾರು ಮಾತ್ರ ಬೇಡ, ರಾತ್ರಿಯಿಡೀ ಒಂದೇ ಬದಿಗೆ ಉರುಳುತ್ತೀರಿ. ಚಕ್ರದ ಕೆಳಗಿಡುವ ಎರಡು ಹಲಗೆ ಸಾಕು. ಹ್ಯಾಂಡ್‌ಬ್ರೇಕ್ ಹಾಕಿರಬೇಕೆಂದು ಹೇಳಬೇಕಿಲ್ಲ, ಆದರೂ ಹೇಳುತ್ತಿದ್ದೇನೆ.

ಪಟ್ಟಿಗಳು ಬಣ್ಣಕ್ಕೆ ಗೀರು ಮಾಡುತ್ತವೆಯೇ?

ಮಾಡುತ್ತವೆ. ಪಟ್ಟಿ ಹಾಗೂ ಮೈಯ ನಡುವೆ ಸಿಕ್ಕಿಕೊಂಡ ದೂಳು ಗಾಳಿಗೆ ಉಜ್ಜಾಡಿ ಉಪ್ಪುಕಾಗದದ ಕೆಲಸ ಮಾಡುತ್ತದೆ. ಕಟ್ಟುವ ಮೊದಲು ಒದ್ದೆ ಬಟ್ಟೆಯಿಂದ ಅಂಚುಗಳನ್ನು ಒರೆಸಿ, ಕೊಕ್ಕೆಗಳಿಗೆ ರಬ್ಬರ್ ಹೊದಿಕೆ ಇರುವ ಟೆಂಟನ್ನೇ ಆರಿಸಿ.

ದಿನವೂ ಟ್ರಕ್ ಓಡಿಸಬೇಕು. ಹಾಗಾದರೆ ಏನು ಮಾಡಲಿ?

ಮೂರು ದಾರಿಗಳಿವೆ. ಬೆಡ್ ಮೇಲೆ ಕಾಯಂ ಕೂರುವ ಫೈಬರ್‌ಗ್ಲಾಸ್ ಅಥವಾ ಅಲ್ಯೂಮಿನಿಯಂ ಟಾಪರ್ (ಗಟ್ಟಿ ಗೂಡು) ಹಾಕಿಸಿದರೆ ಹಾಸಿಗೆ ಹಾಗೆಯೇ ಬಿಟ್ಟು ಎಂಜಿನ್ ಚಾಲೂ ಮಾಡಿ ಹೊರಡಬಹುದು, ಬೀಗವೂ ಇರುತ್ತದೆ. ಖರ್ಚು ಹೆಚ್ಚು, ಎದ್ದು ಕೂರಲು ಎತ್ತರ ಕಡಿಮೆ. ಒಂಟಿಯಾಗಿ ಹೋಗುವ ಬೇಟೆಗಾರನಿಗೆ ನನ್ನ ಮೊದಲ ಆಯ್ಕೆ ಇದೇ. ಬೆಡ್ ಮೇಲಿನ ಚೌಕಟ್ಟಿಗೆ ಬಿಗಿಯುವ ರೂಫ್‌ಟಾಪ್ ಟೆಂಟ್ ಕೆಲವೇ ನಿಮಿಷಗಳಲ್ಲಿ ಮುಚ್ಚುತ್ತದೆ, ಕೆಳಗೆ ಮಾಂಸಕ್ಕೂ ಕೂಲರಿಗೂ ಜಾಗ ಉಳಿಯುತ್ತದೆ. ಆದರೆ ನೂರು ಪೌಂಡಿಗೂ ಮೀರಿದ ತೂಕ, ದುಬಾರಿ, ರಾತ್ರಿ ಎದ್ದರೆ ಏಣಿ ಇಳಿಯಬೇಕು. ಮೂರನೆಯದು ಹಳೆಯ ನೆಲದ ಟೆಂಟ್. ಅದನ್ನು ಬಿಟ್ಟು ಟ್ರಕ್ ಎಲ್ಲಿಗೆ ಬೇಕಾದರೂ ಹೋಗಬಹುದು. ನಾಲ್ಕಾರು ಜನರ ಗುಂಪು ಒಂದು ವಾರ ತಂಗುವುದಾದರೆ ಸೌದೆ ಒಲೆ ಕೂರಿಸುವ ಕ್ಯಾನ್ವಾಸಿನ ದೊಡ್ಡ ಡೇರೆಯನ್ನು ಮೀರಿಸುವುದು ಯಾವುದೂ ಇಲ್ಲ.

ಪ್ರವಾಸ ಮುಗಿದ ಮೇಲೆ ಹೇಗಿಡಬೇಕು?

ಕಾಡಿನಲ್ಲಿ ಒದ್ದೆಯಾಗಿಯೇ ಮಡಚಿದ್ದರೆ ಮನೆಗೆ ಬಂದ ದಿನವೇ ಬಿಡಿಸಿ ಒಣಗಿಸಿ. ಕ್ಯಾನ್ವಾಸ್ ಆದರೆ ಎರಡು ದಿನ ತಡವಾದರೂ ಬೂಷ್ಟು ಹಿಡಿಯುತ್ತದೆ, ಆ ಕಲೆ ಹೋಗುವುದಿಲ್ಲ. ಸಾಬೂನಿನ ಪುಡಿ, ವಾಷಿಂಗ್ ಮಷಿನ್ ಎರಡೂ ಬೇಡ, ಜಲನಿರೋಧಕ ಲೇಪ ಎದ್ದುಹೋಗುತ್ತದೆ. ಬರಿ ನೀರು, ಮೆತ್ತನೆಯ ಬ್ರಷ್ ಸಾಕು. ಜಿಪ್‌ಗಳ ಮರಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಿರಿ, ಕಡ್ಡಿಗಳ ಸೀಳು ನೋಡಿ, ಸೀಳಿದ್ದರೆ ಮುಂದಿನ ಋತುವಿಗೆ ಕಾಯದೆ ಈಗಲೇ ಬದಲಿ ತರಿಸಿಕೊಳ್ಳಿ. ಇಲಿಗಳಿಲ್ಲದ ಕಡೆ, ಚೀಲದ ಬಾಯನ್ನು ಸಡಿಲ ಬಿಟ್ಟು ಇಡಿ.